ಕ್ಯೋಟೋ ಉಳಿಯಿತು, ಹಿರೋಶಿಮಾ ಉಳಿಯಲಿಲ್ಲ

ಅಣುಬಾಂಬಿನ ಕುರಿತು ಬಂದ ಬರಹಗಳಲ್ಲಿ ಎರಡನ್ನು ಜೊತೆಗಿಟ್ಟು ಓದಬೇಕೆಂದು ನಮಗೆ ಅನಿಸುತ್ತದೆ. ಒಂದು, ಜಾನ್ ಹರ್ಸಿಯವರ ‘ಹಿರೋಶಿಮಾ’. 1946ರ ಆಗಸ್ಟ್ 31ರ ‘ನ್ಯೂಯಾರ್ಕರ್’ ತನ್ನ ಇಡೀ ಸಂಚಿಕೆಯನ್ನು ಈ ಒಂದೇ ಬರಹಕ್ಕೆ ಬಿಟ್ಟುಕೊಟ್ಟಿತ್ತು. ಇನ್ನೊಂದು, ಬಾಂಬು ಹಾಕಿದಾಗ ಅಮೆರಿಕದ ಯುದ್ಧಮಂತ್ರಿಯಾಗಿದ್ದ ಹೆನ್ರಿ ಸ್ಟಿಮ್ಸನ್ 1947ರ ಫೆಬ್ರವರಿಯಲ್ಲಿ ‘ಹಾರ್ಪರ್ಸ್’ ಪತ್ರಿಕೆಗೆ ಬರೆದ ಸಮರ್ಥನೆ.

ಸ್ಟಿಮ್ಸನ್ನರದು ಲೆಕ್ಕದ ವಾದ. ಜಪಾನಿನ ನೆಲಕ್ಕೆ ಸೇನೆ ಇಳಿಸಿದ್ದರೆ ಅಮೆರಿಕದ ಕಡೆಯಲ್ಲೇ ಹತ್ತು ಲಕ್ಷಕ್ಕೂ ಮೀರಿ ಸಾವುನೋವು ಆಗಬಹುದಿತ್ತು, ಬಾಂಬು ಅದನ್ನು ತಪ್ಪಿಸಿತು ಎನ್ನುತ್ತಾರೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1937ರಲ್ಲಿ ನಾನ್‌ಜಿಂಗ್‌ನಲ್ಲಿ ಜಪಾನಿ ಸೇನೆ ನಡೆಸಿದ ಕಗ್ಗೊಲೆಯನ್ನು ಬಲ್ಲವರಿಗೆ, ಯುದ್ಧ ಒಂದು ದಿನ ಬೇಗ ಮುಗಿದರೂ ಏಷ್ಯಾದಲ್ಲಿ ಎಷ್ಟೋ ಜೀವ ಉಳಿಯುತ್ತಿತ್ತೆಂಬುದು ಗೊತ್ತು. ಆದರೆ ಈ ಲೆಕ್ಕವನ್ನು ಅಮೆರಿಕವೇ ಒಪ್ಪಿರಲಿಲ್ಲ. ಅದರದೇ ಅಧಿಕೃತ ಸಮೀಕ್ಷೆ 1946ರಲ್ಲಿ, ಅಣುಬಾಂಬು ಹಾಕದೆ, ಸೇನೆ ಇಳಿಸದೆಯೂ ಜಪಾನ್ 1945 ಮುಗಿಯುವುದರೊಳಗೆ ಶರಣಾಗುತ್ತಿತ್ತು ಎಂದು ಹೇಳಿತ್ತು.

ಹರ್ಸಿ ವಾದಕ್ಕೇ ಇಳಿಯುವುದಿಲ್ಲ. ಇಬ್ಬರು ವೈದ್ಯರು, ಇಬ್ಬರು ಪಾದ್ರಿಗಳು, ಒಬ್ಬ ಗುಮಾಸ್ತೆ, ಸಿಂಗಾಪುರದ ಯುದ್ಧದಲ್ಲಿ ಸತ್ತ ದರ್ಜಿಯ ಹೆಂಡತಿ—ಈ ಆರು ಜನ ಬೆಳಿಗ್ಗೆ 8.15ಕ್ಕೆ ಏನು ಮಾಡುತ್ತಿದ್ದರೆಂದು ಹೇಳುತ್ತಾ ಹೋಗುತ್ತಾರೆ. ಗುಮಾಸ್ತೆಯ ಮೇಲೆ ಪುಸ್ತಕದ ಕಪಾಟುಗಳು ಉರುಳುತ್ತವೆ. ವಿಧವೆ ಕುಸಿದ ಮನೆಯಡಿಯಿಂದ ಮೂರು ಮಕ್ಕಳನ್ನು ಹೊರಗೆಳೆಯುತ್ತಾಳೆ. ಎಲ್ಲಿಯೂ ದನಿ ಏರಿಸುವುದಿಲ್ಲ, ಕಣ್ಣೀರು ಬೇಡುವುದಿಲ್ಲ. ಕಥೆ ಬರೆಯುವ ನಮ್ಮಂಥವರು ಕಲಿಯಬೇಕಾದ ಸಂಯಮವಿದು. ಜಪಾನ್ ಮಾಡಿದ ಯುದ್ಧದ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲವೆಂಬುದು ಬರಹದ ಮಿತಿಯೂ ಹೌದು.

ಎರಡೂ ಬರಹಗಳು ಎದುರಾಗುವುದು ಕ್ಯೋಟೋದಲ್ಲಿ. ಸೈನಿಕ ದೃಷ್ಟಿಯಿಂದ ಮುಖ್ಯವಾಗಿದ್ದ ಆ ನಗರವನ್ನು ಗುರಿಗಳ ಪಟ್ಟಿಯಿಂದ ತೆಗೆಸಿದ್ದು ತಾವೇ, ಅದು ಜಪಾನಿನ ಕಲೆ ಸಂಸ್ಕೃತಿಗಳ ತವರು ಎಂದು ಸ್ಟಿಮ್ಸನ್ ಬರೆಯುತ್ತಾರೆ. 1920ರ ದಶಕದಲ್ಲಿ ಅವರು ಆ ಊರನ್ನು ಕಣ್ಣಾರೆ ಕಂಡಿದ್ದರು. ಅಂದರೆ ಲೆಕ್ಕಕ್ಕೆ ಸಿಗದ, ಕೊಲ್ಲಬಾರದ ಸಂಗತಿಗಳಿವೆ ಎಂಬುದನ್ನು ಅವರೂ ಒಪ್ಪಿದ್ದರು. ದೇಗುಲಗಳಿಗೆ ಸಿಕ್ಕ ಆ ವಿನಾಯಿತಿ ದರ್ಜಿಯ ಮಕ್ಕಳಿಗೆ ಯಾಕೆ ಸಿಗಲಿಲ್ಲ? ಆ ವರ್ಷದ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000.

ಬದುಕುಳಿದವರ ಸಂಘಟನೆ ‘ನಿಹೊನ್ ಹಿದಾಂಕ್ಯೊ’ಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹರ್ಸಿ ಆರು ಜನರ ಕಥೆಯಲ್ಲಿ ಮಾಡಿದ್ದನ್ನೇ ಅವರು ದಶಕಗಳ ಕಾಲ ಮಾಡಿದರು, ತಾವು ಕಂಡದ್ದನ್ನು ಹೇಳಿದರು. ಬಾಂಬಿನ ಪರ ವಾದಿಸುವವರು ಮೊದಲು ಇವರ ಮಾತು ಕೇಳಲಿ, ಆಮೇಲೆ ಲೆಕ್ಕ ಹಾಕಲಿ.