ಪತ್ರಿಕೆಯ ಹೆಸರು, ಹೆಣ್ಣಿನ ಹೆಸರು

ನಾನು ಓದಿದ, ಪಾಠ ಮಾಡಿದ ಪುಸ್ತಕಗಳಲ್ಲಿ ನಂಜನಗೂಡು ತಿರುಮಲಾಂಬ ಅವರಿಗೆ ಸಿಕ್ಕಿದ್ದು ಒಂದೆರಡು ಸಾಲು ಅಷ್ಟೆ. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ, 1916ರಲ್ಲಿ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ, ಕೆಲವು ವರ್ಷ ನಡೆದು ನಿಂತಿತು, ಅಲ್ಲಿಗೆ ಮುಗಿಯಿತು! ಎಷ್ಟು ವರ್ಷ ನಡೆಯಿತು ಎಂದು ಎಣಿಸುವವರು, ನಡೆಸಿದವಳು ಯಾರು ಎಂಬುದನ್ನು ಮರೆತುಬಿಡುತ್ತಾರೆ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಹೆಣ್ಣುಮಗಳು ತಾನೇ ಬರೆದು, ತಾನೇ ಪ್ರಕಾಶಕಿಯಾಗಿ ನಿಂತದ್ದು ಆ ಕಾಲಕ್ಕೆ ಸಣ್ಣ ಮಾತೇ?

‘ಸತೀ’ ಎಂಬ ಮಾತು ಇಂದಿನ ಓದುಗಿತಿಗೆ ಹಿಡಿಸುವುದಿಲ್ಲ. ನನಗೂ ಹಿಡಿಸದು. ಗಂಡನಿಲ್ಲದ ಲೇಖಕಿ ಓದುವವರನ್ನೆಲ್ಲ ‘ಸತಿ’ ಎಂದು ಕರೆದಳಲ್ಲ ಎಂದು ನೋವಾಗುತ್ತದೆ. ಆದರೆ ಆ ಹೆಸರಿನ ಮರೆಯಿಲ್ಲದೆ ಅಂದು ಆ ಪುಸ್ತಕಗಳು ಎಷ್ಟು ಮನೆಗಳ ಹೊಸ್ತಿಲು ದಾಟುತ್ತಿದ್ದವು? ಟೀಕಿಸುವ ಮುನ್ನ ಇದನ್ನೂ ಕೇಳಿಕೊಳ್ಳಬೇಕು.

ದೂರದ ಕೈರೋ ನಗರವನ್ನು ನೋಡಿ. 1925ರಲ್ಲಿ ಫಾತಿಮಾ ಅಲ್-ಯೂಸುಫ್ ಎಂಬ ನಟಿ ಅರಬ್ಬಿ ಭಾಷೆಯಲ್ಲಿ ವಾರಪತ್ರಿಕೆ ಆರಂಭಿಸಿ, ರಂಗಭೂಮಿಯಲ್ಲಿ ತನಗಿದ್ದ ‘ರೋಸ್ ಅಲ್-ಯೂಸುಫ್’ ಎಂಬ ಹೆಸರನ್ನೇ ಅದಕ್ಕಿಟ್ಟಳು. ಕಲೆಯಿಂದ ಹೊರಟ ಪತ್ರಿಕೆ ರಾಜಕೀಯಕ್ಕೆ ತಿರುಗಿ, ಆಳುವವರ ಕೋಪಕ್ಕೂ ಗುರಿಯಾಯಿತು. 1960ರಲ್ಲಿ ಅದು ಸರ್ಕಾರದ ಪಾಲಾದರೂ ಆಕೆಯ ಹೆಸರು ಅಳಿಯಲಿಲ್ಲ. ಹಾಗೆಂದು ಆಕೆ ಧೀರೆ, ನಮ್ಮವರು ಅಂಜುಬುರುಕರು ಎನ್ನುವುದು ತಪ್ಪು. ನಟಿಯ ಹೆಸರು ಮೊದಲೇ ಊರ ಬಾಯಲ್ಲಿತ್ತು. ತಿರುಮಲಾಂಬ ಅವರು ಒಳಮನೆಯಿಂದ ಹೊರಬರಬೇಕಿತ್ತು. 1921ರಲ್ಲಿ ‘ಸರಸ್ವತಿ’ಯನ್ನು ಆರಂಭಿಸಿದ ಆರ್. ಕಲ್ಯಾಣಮ್ಮನವರು ಅದನ್ನು ನಲವತ್ತು ವರ್ಷಕ್ಕೂ ಮಿಕ್ಕಿ ನಡೆಸಿದರು. ಅವರಿಗೂ ದೇವಿಯ ಹೆಸರೇ ಆಸರೆಯಾಯಿತು.

ನಮ್ಮ ಕುಬಟೂರಿನಲ್ಲಿ ವಾರಪತ್ರಿಕೆ ಓದುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಅಂಚೆಯಲ್ಲಿ ಬರುವ ಪ್ರತಿಯ ಮೇಲಿನ ಚೀಟಿಯಲ್ಲಿ ಮಾತ್ರ ಮನೆಯ ಯಜಮಾನರ ಹೆಸರು! ಚಂದಾ ಹಣ ಅಕ್ಕಿಡಬ್ಬಿಯ ಉಳಿತಾಯದ್ದಾದರೂ ಅಷ್ಟೆ. ಇದೇ ಊರಿನ ಶಾಸನವೊಂದು ಹನ್ನೊಂದನೆಯ ಶತಮಾನದಲ್ಲಿ ಬಸದಿ ಕಟ್ಟಿಸಿದ ಕದಂಬರ ರಾಣಿ ಮಾಳಲದೇವಿಯ ಹೆಸರು ಹೇಳುತ್ತದೆ. ಕಲ್ಲಿನ ಮೇಲೆ ಸಂದ ಗೌರವ ಕಾಗದದ ಮೇಲೆ ಏಕೆ ಬೇಡ?

ಆದ್ದರಿಂದ ತಿರುಮಲಾಂಬ ಅವರನ್ನು ಹೊಗಳಿ ಪಟಕ್ಕೆ ಹಾರ ಹಾಕಿದರೆ ಸಾಲದು. ಅವರ ಬರಹವನ್ನು ಓದಿ, ಒಪ್ಪದಿದ್ದರೆ ಜಗಳವಾಡಿ. ಜಗಳಕ್ಕೆ ಅರ್ಹಳೆಂದು ಒಪ್ಪಿದಾಗಲೇ ಲೇಖಕಿಗೆ ಚರಿತ್ರೆಯಲ್ಲಿ ನಿಜವಾದ ಜಾಗ. ಹಾಗೆಯೇ, ನಿಮ್ಮ ಪತ್ರಿಕೆಯ ಚಂದಾ ನಿಮ್ಮ ಹೆಸರಿನಲ್ಲೇ ಇರಲಿ.