ಐಷೀಕ ಪ್ರಕರಣ: ಅಸ್ತ್ರವನ್ನು ಕೊಟ್ಟವನ ಹೊಣೆ

ಸೌಪ್ತಿಕಪರ್ವವನ್ನು ಅಶ್ವತ್ಥಾಮನ ಕ್ರೌರ್ಯದ ಕಥೆಯೆಂದೇ ಓದುವದು ನಮ್ಮಲ್ಲಿ ರೂಢಿಯಾಗಿದೆ. ಹುಬ್ಬಳ್ಳಿ ತಾಲೂಕಿನ ಕೋಳಿವಾಡದವನೆಂದು ನಾವು ಅಭಿಮಾನದಿಂದ ನೆನೆಯುವ ಕುಮಾರವ್ಯಾಸನ ಭಾರತವನ್ನು ಕೇಳಿ ಬೆಳೆದ ವಾಚಕರಿಗೆ ಅಶ್ವತ್ಥಾಮನ ಸ್ವಭಾವವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಸಂಸ್ಕೃತ ಮೂಲದಲ್ಲಿ ಆ ರಾತ್ರಿಯ ಸಂಹಾರದ ತರುವಾಯ ಬರುವ ಐಷೀಕವೆಂಬ ಉಪಪರ್ವವು ಬೇರೊಂದು ಪ್ರಶ್ನೆಯನ್ನು ಎತ್ತುತ್ತದೆ: ಲೋಕನಾಶಕವಾದ ಅಸ್ತ್ರವು ಅಪಾತ್ರನ ಕೈಗೆ ಬಂದುದು ಹೇಗೆ, ಅದರ ಹೊಣೆ ಯಾರದು?

ಭೀಮನು ಅಶ್ವತ್ಥಾಮನನ್ನು ಅಟ್ಟಿಕೊಂಡು ಹೋದ ತುರ್ತಿನ ವೇಳೆಯಲ್ಲಿ ಕೃಷ್ಣನು ಧರ್ಮರಾಜನಿಗೆ ಒಂದು ಹಳೆಯ ಸಂಗತಿಯನ್ನು ಹೇಳುತ್ತಾನೆ. ಬ್ರಹ್ಮಶಿರವೆಂಬ ಅಸ್ತ್ರವನ್ನು ದ್ರೋಣನು ಅರ್ಜುನನಿಗೆ ಕೊಟ್ಟಿದ್ದನು. ಅದನ್ನು ಸಹಿಸದ ಮಗನು ತನಗೂ ಬೇಕೆಂದು ಹಟ ಹಿಡಿದನು. ಮಗನ ಚಾಪಲ್ಯವನ್ನು ಬಲ್ಲ ತಂದೆಯು ಮನಸ್ಸಿಲ್ಲದೆಯೇ ಕೊಟ್ಟು, ಪರಮಾಪತ್ತಿನಲ್ಲಿಯೂ ಇದನ್ನು ಬಿಡಬಾರದು, ಮನುಷ್ಯರ ಮೇಲಂತೂ ಕೂಡದೆಂದು ವಿಧಿಸಿದನು. ಕಥೆಯ ಓಟವನ್ನು ತಡೆಯುವ ಈ ಪ್ರಸಂಗವು ಅಸ್ಥಾನದಲ್ಲಿ ಬಂದಿದೆಯೆಂದು ಕೆಲವರಿಗೆ ತೋರಬಹುದು. ನನ್ನ ಮತದಲ್ಲಿ ಇದೇ ಉಪಪರ್ವದ ಕೀಲು. ಅನರ್ಹತೆಯನ್ನು ಅರಿತೂ ಕೊಟ್ಟು, ಬರಿಯ ಉಪದೇಶದಿಂದ ಅಪಾಯವನ್ನು ಕಟ್ಟಿಹಾಕಬಹುದೆಂದು ನಂಬಿದ ಗುರುವಿನ ದೋಷವನ್ನು, ಆತನು ಮಡಿದ ಮೇಲೆಯೂ, ಕವಿಯು ಮುಚ್ಚಿಡಲಿಲ್ಲ.

ಮುಂದೆ ಎರಡು ಅಸ್ತ್ರಗಳು ಎದುರಾಗಿ, ನಾರದವ್ಯಾಸರು ನಡುವೆ ನಿಂತಾಗ ಅರ್ಜುನನು ತನ್ನದನ್ನು ಹಿಂದಕ್ಕೆ ತೆಗೆದುಕೊಂಡನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಅವನ ಅಸ್ತ್ರವು ಯುದ್ಧದ ಗೊಡವೆಯೇ ಇಲ್ಲದ ಉತ್ತರೆಯ ಗರ್ಭಕ್ಕೆ ತಗುಲಿತು. ಪ್ರಯೋಗವನ್ನು ಬಲ್ಲ ಮಾತ್ರಕ್ಕೆ ಒಬ್ಬನು ಅಧಿಕಾರಿಯಾಗಲಾರನು, ಉಪಸಂಹಾರವನ್ನು ಬಲ್ಲವನೇ ಅಧಿಕಾರಿ ಎಂಬದು ಇಲ್ಲಿಯ ನಿರ್ಣಯ.

ಈ ನಿರ್ಣಯವು ಪುರಾಣಕಾಲಕ್ಕೇ ಮುಗಿದುದಲ್ಲ. 2007ನೆಯ ಇಸವಿಯ ಆಗಸ್ಟಿನಲ್ಲಿ ಅಮೇರಿಕೆಯ ಮೈನಾಟ್ ವಿಮಾನನೆಲೆಯಿಂದ ಬಾರ್ಕ್ಸ್‌ಡೇಲ್ ನೆಲೆಗೆ ಆರು ಕ್ಷಿಪಣಿಗಳು ಅಣ್ವಸ್ತ್ರದ ಸಿಡಿತಲೆಗಳ ಸಮೇತ ಹಾರಿಹೋದವು. ಸಿಡಿತಲೆಗಳಿಲ್ಲದ ಕ್ಷಿಪಣಿಗಳೆಂದೇ ಎಲ್ಲರೂ ಭಾವಿಸಿದ್ದರು, ನೋಡಬೇಕಾದವರು ನೋಡಲಿಲ್ಲ. ಸುಮಾರು 36 ತಾಸು ಅವುಗಳಿಗೆ ತಕ್ಕ ಕಾವಲಿರಲಿಲ್ಲ. ಇದೂ, ಕ್ಷಿಪಣಿಯ ಭಾಗಗಳು ತಪ್ಪಿ ತೈವಾನಿಗೆ ಹೋದ ಮತ್ತೊಂದು ಪ್ರಮಾದವೂ ಕೂಡಿ, 2008ರ ಜೂನದಲ್ಲಿ ಆ ದೇಶದ ವಾಯುಪಡೆಯ ಕಾರ್ಯದರ್ಶಿಯೂ ಮುಖ್ಯಸ್ಥನೂ ಪದತ್ಯಾಗ ಮಾಡಬೇಕಾಯಿತು. ಹೊಣೆಯು ಕೆಳಗಿನವರಲ್ಲಿಯೇ ನಿಲ್ಲದೆ ಮೇಲಕ್ಕೇರಿತು.

ನಮ್ಮ ದೇಶವು ಪಾಕಿಸ್ತಾನದೊಡನೆ 2007ರ ಫೆಬ್ರುವರಿ 21ರಂದು ಅಣ್ವಸ್ತ್ರಗಳ ಅಪಘಾತದ ಅಪಾಯವನ್ನು ತಗ್ಗಿಸುವ ಒಪ್ಪಂದವನ್ನು ಮಾಡಿಕೊಂಡಿತು. 2022ರ ಮಾರ್ಚ್ 9ರಂದು ನಮ್ಮ ಬ್ರಹ್ಮೋಸ್ ಕ್ಷಿಪಣಿಯೊಂದು ತಪ್ಪಿ ಹಾರಿ ಆ ದೇಶದ ಮಿಯಾಂ ಚನ್ನೂ ಎಂಬಲ್ಲಿ ಬಿದ್ದಿತು. ಅದು ಅಣ್ವಸ್ತ್ರವಾಗಿರಲಿಲ್ಲ, ಯಾರೂ ಸಾಯಲಿಲ್ಲ; ಆದರೂ ಅಣ್ವಸ್ತ್ರಗಳುಳ್ಳ ಎರಡು ನೆರೆರಾಷ್ಟ್ರಗಳ ನಡುವೆ ಇಂಥ ಪ್ರಮಾದವು ಸಣ್ಣದಲ್ಲ. ನಮ್ಮ ಸರ್ಕಾರದ ಪ್ರಕಟನೆ ಬಂದುದು 11ರಂದು. ಆಗಸ್ಟ್ 23ರಂದು, ನಿಯಮ ಮೀರಿದರೆಂದು ಮೂವರು ಅಧಿಕಾರಿಗಳನ್ನು ಕೆಲಸದಿಂದ ತೆಗೆಯಲಾಯಿತು. ತಪ್ಪಿದವರಿಗೆ ದಂಡವು ಯುಕ್ತವೇ. ಆದರೆ ಮೂವರ ತಪ್ಪಿನಿಂದಲೇ ಕ್ಷಿಪಣಿಯು ಹಾರಬಲ್ಲದಾದರೆ, ಅಂಥ ವ್ಯವಸ್ಥೆಯನ್ನು ಅವರ ಕೈಗಿತ್ತವರ ಪಾಲೆಷ್ಟು? ದ್ರೋಣನ ಪ್ರಸಂಗವನ್ನು ಓದಿದವನು ಇದನ್ನು ಕೇಳದೆ ಇರಲಾರನು.

ಹಾರಿದ ಕ್ಷಿಪಣಿಯನ್ನು ಬತ್ತಳಿಕೆಗೆ ಮರಳಿ ಕರೆಯುವ ಮಂತ್ರವು ಇಂದು ಯಾರಲ್ಲಿಯೂ ಇಲ್ಲ. ಆದುದರಿಂದ ಈ ಕಾಲದ ಉಪಸಂಹಾರವು ಪ್ರಯೋಗಕ್ಕೆ ಮುಂಚೆಯೇ ನಡೆಯತಕ್ಕದ್ದು: ಬೀಗದಲ್ಲಿ, ಎಣಿಕೆಯಲ್ಲಿ, ಮುದ್ರೆಯಲ್ಲಿ, ಒಬ್ಬನ ಕೆಲಸವನ್ನು ಮತ್ತೊಬ್ಬನು ಕಣ್ಣಿಟ್ಟು ನೋಡುವದರಲ್ಲಿ.

ಕವಿಯಲ್ಲಿಯೂ ಒಂದು ಕೊರತೆಯುಂಟು. ಮೂರು ಸಾವಿರ ವರ್ಷ ಅಲೆಯುವ ಶಾಪವು ಅಶ್ವತ್ಥಾಮನೊಬ್ಬನ ಪಾಲಿಗೇ ಬಂದಿತು, ಕೊಟ್ಟವನಿಗೆ ದಂಡವಿಲ್ಲ. ಆದರೂ ಕೊಟ್ಟವನ ತಪ್ಪನ್ನು ರಾಜನ ಮುಂದೆ ಹೇಳಿಸಿ ಲೋಕವೆಲ್ಲ ಓದುವಂತೆ ಬರೆದಿಟ್ಟನು. ಅಸ್ತ್ರವನ್ನು ಕಾಯುವವರಿಂದ ಪ್ರಜೆಗಳು ಅಷ್ಟನ್ನಾದರೂ ಕೇಳಬಾರದೆ?