ಆವರ್ತನದ ಪ್ರಾಮಾಣ್ಯ

ಹೈದರಾಬಾದಿನ ಅಷ್ಹರ್ ಫರ್ಹಾನರು ರೂಪಿಸಿದ ಮೈಕ್ರೋ ಬಿಟೆಕ್ಸ್ ಟ್ರಾನ್ಸೀವರನ್ನು ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಸ್ವಹಸ್ತದಿಂದ ಅಣಿಗೊಳಿಸುವ ಹ್ಯಾಮ್ ರೇಡಿಯೋ ಹವ್ಯಾಸಿಯು, 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವ್ಯಾಟಿನ ಪ್ರೇಷಕದ ಮೂಲಕ ‘ಆಕಾಶವಾಣಿ’ಯನ್ನು ಬಿತ್ತರಿಸಿದ ಎಂ. ವಿ. ಗೋಪಾಲಸ್ವಾಮಿಯವರ ಪರಂಪರೆಗೆ ಸೇರಿದವನೆಂದರೆ ಉತ್ಪ್ರೇಕ್ಷೆಯಾಗದು. ಆದರೆ ಉಪಕರಣವು ಮಾತನಾಡಿದೊಡನೆ ಕಾರ್ಯ ಸಂಪೂರ್ಣವಾಯಿತೆಂದು ಬಗೆದು, ಫಲಕದ ಅಂಕಿಗಳನ್ನು ಪರೀಕ್ಷಿಸದೆಯೇ ನಂಬುವುದು ಆ ಪರಂಪರೆಗೆ ಒಪ್ಪುವ ನಡೆಯಲ್ಲ.

ಈ ಯಂತ್ರದ ಮೂರು ಆಂದೋಲಕಗಳೂ 25 ಮೆಗಾಹರ್ಟ್ಸ್‌ನ ಒಂದೇ ಕ್ರಿಸ್ಟಲನ್ನು ಆಶ್ರಯಿಸಿರುವುದರಿಂದ, ಅದು ದಶಲಕ್ಷದಲ್ಲಿ 30 ಭಾಗದಷ್ಟು ತಪ್ಪಿದರೆ 7.1 ಮೆಗಾಹರ್ಟ್ಸ್‌ನಲ್ಲಿ 213 ಹರ್ಟ್ಸ್, 28.4ರಲ್ಲಿ 852 ಹರ್ಟ್ಸ್ ದೋಷವುಂಟಾಗಿ, ನಮ್ಮ ಧ್ವನಿಯು ಕೇಳುವವರಿಗೆ ವಿಕೃತವಾಗುವುದಲ್ಲದೆ ಪಕ್ಕದ ಸಂಭಾಷಣೆಗೂ ವಿಘ್ನವಾದೀತು. ಮೂಲ ಒಂದೇ ಆದುದರಿಂದ ಒಂದೇ ತಿದ್ದುಪಡಿ ಎಲ್ಲ ಬ್ಯಾಂಡುಗಳಿಗೂ ಸಲ್ಲುವುದು ಈ ರಚನೆಯ ನಿಜವಾದ ಗುಣ.

ಪರಿಚಿತ ಪ್ರಸಾರಕೇಂದ್ರದ ವಾಹಕ ತರಂಗವನ್ನು ಹಿಡಿದು, ಶಿಳ್ಳೆಯು ಇಳಿಯುತ್ತಿಳಿಯುತ್ತ ಮೌನವಾಗುವವರೆಗೆ ಸರಿಪಡಿಸುವ ಜೀರೋ ಬೀಟ್ ವಿಧಾನವು ನಿರ್ವ್ಯಯವಾದುದು, ಕಿವಿಯನ್ನು ಪಳಗಿಸುವಂಥದು. ಆದರೂ ಅದರಲ್ಲಿ ಎರಡು ನ್ಯೂನತೆಗಳಿವೆ. ಮೊದಲನೆಯದು, ತಗ್ಗಿನ ಸ್ವರಗಳನ್ನು ಫಿಲ್ಟರು ಮೊದಲೇ ನುಂಗಿಬಿಡುವುದರಿಂದ, ಮೌನವೆಲ್ಲವೂ ಶೂನ್ಯವಲ್ಲ. ಮೌನವನ್ನು ನಂಬುವುದಕ್ಕಿಂತ, ಮೇಲಿನ ಪಾರ್ಶ್ವಪಟ್ಟಿಯಾದ ಯುಎಸ್‌ಬಿಯಲ್ಲಿ ಪ್ರಸಾರಕೇಂದ್ರದ ಆವರ್ತನಕ್ಕಿಂತ 1 ಕಿಲೋಹರ್ಟ್ಸ್ ಕೆಳಗೂ ಕೆಳಗಿನ ಪಾರ್ಶ್ವಪಟ್ಟಿಯಾದ ಎಲ್‌ಎಸ್‌ಬಿಯಲ್ಲಿ ಅಷ್ಟೇ ಮೇಲೂ ನಿಂತು, ಎರಡು ಸ್ವರಗಳ ಶ್ರುತಿಯನ್ನು ಹೊಂದಿಸುವುದು ಲೇಸು. ಆ ಸ್ವರಗಳ ಅಂತರದಲ್ಲಿ ದೋಷವು ಇಮ್ಮಡಿಯಾಗಿ ಪ್ರಕಟಗೊಳ್ಳುತ್ತದೆ. ಎರಡನೆಯದು, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಲ್ಲಿ ಉಳಿದ 1 ಹರ್ಟ್ಸ್ ತಪ್ಪು 7.1 ಮೆಗಾಹರ್ಟ್ಸ್‌ನಲ್ಲಿ ಸುಮಾರು 11.6 ಹರ್ಟ್ಸ್ ಆಗುವುದು. ಆದಕಾರಣ 10 ಮೆಗಾಹರ್ಟ್ಸ್‌ನ ಕಾಲಸಂಕೇತಗಳು, ಅಯಾನುಗೋಳದ ಚಲನೆಯಿಂದ 1 ಹರ್ಟ್ಸ್‌ನಷ್ಟು ಓಲಾಡಿದರೂ, ಹೆಚ್ಚು ಗ್ರಾಹ್ಯ.

ಧ್ವನಿಯನ್ನು ಇಂಪುಗೊಳಿಸಲು, ಆ ಮೂರು ಆಂದೋಲಕಗಳಲ್ಲಿ ಒಂದಾದ ಬಿಎಫ್‌ಓವನ್ನು ತಿರುಗಿಸಿ, ಆವರ್ತನವೇ ಸರಿಹೋಯಿತೆಂದು ಭ್ರಮಿಸುವುದು ಇವೆರಡಕ್ಕಿಂತಲೂ ದೊಡ್ಡ ಪ್ರಮಾದ. ಈ ಯಂತ್ರದಲ್ಲಿ ಬಿಎಫ್‌ಓ ಧ್ವನಿಗೆ ಫಿಲ್ಟರಿನೊಳಗಿನ ಸ್ಥಾನವನ್ನು ನಿರ್ಣಯಿಸುವುದೇ ಹೊರತು ಅಂಕಿಯ ಸತ್ಯವನ್ನಲ್ಲ. ಮೊದಲು ಕ್ರಿಸ್ಟಲಿನ ತಿದ್ದುಪಡಿ, ಬಳಿಕ ಬಿಎಫ್‌ಓ ಎಂಬ ಕ್ರಮವನ್ನು ಮೀರಿದಲ್ಲಿ ಒಂದು ದೋಷವು ಮತ್ತೊಂದರ ಮರೆಯಲ್ಲಿ ಅಡಗುತ್ತದೆ.

ನರಸೀಪುರದ ಗುಂಜಾನರಸಿಂಹಸ್ವಾಮಿಯ ಕೈಯ ಗುಲಗಂಜಿಯು, ಆ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೆಂದು ಸಾರುವುದೆಂಬ ಐತಿಹ್ಯವಿದೆ. ಅಷ್ಟು ಅಲ್ಪವಾದ ಅಂತರವನ್ನೂ ಗಣಿಸುವ ತಕ್ಕಡಿಯ ಶ್ರದ್ಧೆಯೇ ಇಲ್ಲಿಯೂ ಬೇಕಾದುದು. ಯಂತ್ರವು ಕಾದು ಸ್ಥಿರಗೊಂಡ ಮೇಲೆ ಅಳೆದು, ಅಂದಿನ ತಾಪಮಾನವನ್ನೂ ಆಧಾರಕೇಂದ್ರವನ್ನೂ ಉಳಿದ ಸಂದೇಹದ ಮಿತಿಯನ್ನೂ ಬರೆದಿಟ್ಟವನ ಅಂಕಿಯೇ ವಿಶ್ವಾಸಾರ್ಹ; ಮಿತಿಯನ್ನು ಹೇಳದ ಅಂಕಿಯು, ಎಷ್ಟೇ ಸ್ಥಾನಗಳವರೆಗೆ ಬೆಳಗಿದರೂ, ಪ್ರಮಾಣವಾಗಲಾರದು.